ಆರೋಗ್ಯ ಮಾಲೆ – 31: ಊರಲ್ಲಿ ಬೆಳೆಯುವ ಹುಡುಗ ಒಂದು ಗೇಣು ಹಿಂದೆ ಬೀಳುವುದು ಯಾಕೆ?



ಯುಗಾದಿಗೋ ಜಾತ್ರೆಗೋ ಊರಿಗೆ ಹೋದಾಗ ಬಹಳ ಮನೆಗಳಲ್ಲಿ ನಡೆಯುವ ಆಟ ಇದು. ಮುಂಬಯಿಯಿಂದಲೋ ಪುಣೆಯಿಂದಲೋ ಬಂದ ನಿಮ್ಮ ಮಗನನ್ನೂ, ಊರಲ್ಲೇ ಇರುವ ಅಣ್ಣನ ಮಗನನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸುತ್ತಾರೆ. ಇಬ್ಬರಿಗೂ ಹದಿಮೂರು. ನಿಮ್ಮ ಹುಡುಗ ಅರ್ಧ ಗೇಣು ಮೇಲೆ. ಎಲ್ಲರೂ ನಗುತ್ತಾರೆ. "ಪಟ್ಟಣದ ನೀರು" ಅಂತ ಒಬ್ಬರು, "ನಮ್ಮ ವಂಶಾನೇ ಗಿಡ್ಡ" ಅಂತ ಅಜ್ಜಿ, "ಗಿಡ್ಡ ಇದ್ರೂ ಗಟ್ಟಿ ಅದಾನ, ಹೊಲದಾಗ ದುಡೀತಾನ" ಅಂತ ಅಣ್ಣ. ಆಮೇಲೆ ಹೋಳಿಗೆ ಬರುತ್ತದೆ, ಮಾತು ಮರೆಯುತ್ತದೆ.

ಆ ಮಾತನ್ನು ಮರೆಯಬಾರದು ಅಂತಲೇ ಇವತ್ತಿನ ಲೇಖನ. ವಂಶ ಒಂದೇ, ಅಜ್ಜ-ಅಜ್ಜಿ ಒಬ್ಬರೇ. ಹಾಗಿದ್ದಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ನಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ದುಡಿಯಲು ಬಂದವರು. ಕೆಲವರು ತಮ್ಮನನ್ನೋ ಅಣ್ಣನ ಮಗನನ್ನೋ ಓದಿಸಲು ಇಲ್ಲಿಗೆ ಕರೆತರುತ್ತಾರೆ. ಹೀಗಾಗಿ ಇದು ನಮ್ಮ ಮನೆಯದೇ ವಿಷಯ.

*ಮೊದಲು ಬೆಳವಣಿಗೆಯ ಲೆಕ್ಕ*

ಹುಡುಗನ ಜೀವನದಲ್ಲಿ ಎತ್ತರ ಓಡುವುದು ಎರಡೇ ಸಲ. ಮೊದಲನೆಯದು ಹೊಟ್ಟೆಯಲ್ಲಿದ್ದಾಗಿನಿಂದ ಎರಡು ವರ್ಷದವರೆಗೆ. ಹುಟ್ಟಿದಾಗ ಸುಮಾರು 50 ಸೆಂ.ಮೀ. ಇದ್ದ ಕೂಸು ಒಂದು ವರ್ಷಕ್ಕೆ 75 ಸೆಂ.ಮೀ. ಆಗಬೇಕು. ಎರಡು ವರ್ಷಕ್ಕೆ ಗಂಡುಮಗು ಹೆಚ್ಚುಕಡಿಮೆ ತಾನು ಮುಂದೆ ಆಗಲಿರುವ ಎತ್ತರದ ಅರ್ಧ ಮುಟ್ಟಿರುತ್ತದೆ. ಅಲ್ಲಿಂದ ಮುಂದೆ ನಿಧಾನ, ವರ್ಷಕ್ಕೆ 5ರಿಂದ 7 ಸೆಂ.ಮೀ. ಎರಡನೆಯ ಓಟ ಹರೆಯದ್ದು. ಹೆಣ್ಣುಮಕ್ಕಳು ಸುಮಾರು ಎರಡು ವರ್ಷ ಮೊದಲೇ ಓಡುತ್ತಾರೆ. ಗಂಡುಮಕ್ಕಳಲ್ಲಿ ಹದಿಮೂರು-ಹದಿನಾಲ್ಕರ ಆಸುಪಾಸು ಒಂದೇ ವರ್ಷದಲ್ಲಿ 9-10 ಸೆಂ.ಮೀ. ಏರುವುದೂ ಉಂಟು. ಪ್ಯಾಂಟು ದೀಪಾವಳಿಗೆ ಹೊಲಿಸಿದ್ದು ಯುಗಾದಿಗೆ ಮೊಣಕಾಲಿನ ಹತ್ತಿರ ಬರುವ ವರ್ಷ ಅದು. ಆಮೇಲೆ ಎಲುಬಿನ ತುದಿಯಲ್ಲಿರುವ ಬೆಳೆಯುವ ಪದರ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಮೇಲೆ ಯಾವ ಟಾನಿಕ್ಕೂ, ಯಾವ ಪುಡಿಯೂ, ಕಂಬಕ್ಕೆ ಜೋತು ಬೀಳುವುದೂ ಒಂದು ಇಂಚನ್ನೂ ತರಲಾರದು.

ಹಳ್ಳಿಯಲ್ಲಿ ಸರಿಯಾಗಿ ಊಟ ಸಿಗದ ಹುಡುಗನಿಗೆ ಈ ಎರಡನೆಯ ಓಟ ತಡವಾಗಿ ಶುರುವಾಗುತ್ತದೆ. ಅದಕ್ಕೇ ಹದಿನಾಲ್ಕರ ಹುಡುಗ ಹನ್ನೊಂದರವನ ಹಾಗೆ ಕಾಣುತ್ತಾನೆ. ಇದರಲ್ಲಿ ಒಂದು ಸಮಾಧಾನವೂ ಇದೆ: ತಡವಾಗಿ ಶುರುವಾದದ್ದು ತಡವಾಗಿ ಮುಗಿಯುತ್ತದೆ, ಅವನಿಗೆ ಇನ್ನೂ ಒಂದೆರಡು ವರ್ಷ ಹೆಚ್ಚು ಸಮಯ ಇರುತ್ತದೆ. ಆ ಸಮಯವನ್ನು ನಾವು ಬಳಸುತ್ತೇವೋ ಇಲ್ಲವೋ ಅನ್ನುವುದೇ ಪ್ರಶ್ನೆ.

*ಹೈದರಾಬಾದ್ ಮತ್ತು ಪುಣೆಯ ಹಳ್ಳಿಗಳು ಕಲಿಸಿದ್ದು*

ಹೈದರಾಬಾದಿನಲ್ಲಿರುವವರು ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೀರೋ. ಆ ಸಂಸ್ಥೆಯವರು ಹಿಂದೆ ಹೈದರಾಬಾದ್ ಸುತ್ತಲಿನ ಹಳ್ಳಿಗಳ ಹುಡುಗರನ್ನು ಐದನೇ ವಯಸ್ಸಿನಿಂದ ದೊಡ್ಡವರಾಗುವ ತನಕ ಅಳೆಯುತ್ತಾ ಹೋದರು. ಕಂಡದ್ದು ಇಷ್ಟು: ಐದು ವರ್ಷಕ್ಕೆ ಬಹಳ ಗಿಡ್ಡವಾಗಿದ್ದ ಹುಡುಗರು ಹರೆಯದಲ್ಲಿ ಉಳಿದವರಷ್ಟೇ ಸೆಂಟಿಮೀಟರ್ ಬೆಳೆದರು, ಆದರೆ ಮೊದಲಿನ ಅಂತರ ಮಾತ್ರ ಹಾಗೇ ಉಳಿಯಿತು. ಅಂದರೆ ಚಿಕ್ಕಂದಿನ ಸಾಲ ದೊಡ್ಡವನಾದ ಮೇಲೂ ತೀರಲಿಲ್ಲ. ಶಾಲೆ ಬಿಟ್ಟು ದುಡಿಮೆಗೆ ಹೋದ ಹುಡುಗರಲ್ಲಿ ಕೊರತೆ ಇನ್ನೂ ಹೆಚ್ಚಿತ್ತು. ಅಣ್ಣನವರ "ಹೊಲದಾಗ ದುಡೀತಾನ, ಗಟ್ಟಿ ಅದಾನ" ಅನ್ನುವ ಮಾತಿಗೆ ಇಲ್ಲಿ ಉತ್ತರ ಇದೆ. ಬೆಳೆಯುವ ಹುಡುಗನ ದೇಹಕ್ಕೆ ಬರುವ ಅನ್ನ ಒಂದೇ. ಅದರಲ್ಲಿ ದುಡಿಮೆಗೆ ಎಷ್ಟು ಹೋಯಿತೋ ಅಷ್ಟು ಎಲುಬಿಗೆ ಕಡಿಮೆ.

"ಗಿಡ್ಡ ಆದರೂ ಆರೋಗ್ಯವಂತ" ಅನ್ನುವ ವಾದವನ್ನು ಒಂದು ಕಾಲಕ್ಕೆ ಅಮೆರಿಕದ ಒಬ್ಬ ಅರ್ಥಶಾಸ್ತ್ರಜ್ಞರು ಗಂಭೀರವಾಗಿಯೇ ಮುಂದಿಟ್ಟಿದ್ದರು. ಅದನ್ನು ಬಲವಾಗಿ ವಿರೋಧಿಸಿದವರು ನಮ್ಮ ಡಾ. ಸಿ. ಗೋಪಾಲನ್, ಇದೇ ಪೋಷಣಾ ಸಂಸ್ಥೆಯನ್ನು ನಡೆಸಿದವರು. ಊಟ ಇಲ್ಲದೆ ಗಿಡ್ಡವಾದ ಮಗುವನ್ನು 'ಹೊಂದಿಕೊಂಡಿದೆ' ಅಂತ ಕರೆದರೆ ಬಡತನವನ್ನೇ ಒಪ್ಪಿಕೊಂಡ ಹಾಗೆ ಅನ್ನುವುದು ಅವರ ನಿಲುವು. ನನಗೂ ಅದೇ ಸರಿ ಅನ್ನಿಸುತ್ತದೆ.

ಇನ್ನೊಂದು ವಿಷಯ. 1987ರಿಂದ 1990ರ ನಡುವೆ ಹೈದರಾಬಾದ್ ಹತ್ತಿರದ ಕೆಲವು ಹಳ್ಳಿಗಳಲ್ಲಿ ಗರ್ಭಿಣಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ ಅಂಗನವಾಡಿಯ ಉಪ್ಪಿಟ್ಟು ಕೊಟ್ಟರು, ಪಕ್ಕದ ಹಳ್ಳಿಗಳಿಗೆ ಆಗ ಯೋಜನೆ ಇನ್ನೂ ಬಂದಿರಲಿಲ್ಲ. ಆ ಮಕ್ಕಳು ಹದಿಮೂರರಿಂದ ಹದಿನೆಂಟರ ವಯಸ್ಸಿಗೆ ಬಂದಾಗ ಅಳೆದರೆ, ಉಪ್ಪಿಟ್ಟು ತಿಂದ ಹಳ್ಳಿಯವರು ಸರಾಸರಿ 14 ಮಿಲಿಮೀಟರ್ ಎತ್ತರ ಇದ್ದರು. ಒಂದೂವರೆ ಸೆಂಟಿಮೀಟರೂ ಇಲ್ಲವಲ್ಲ ಅಂತೀರಾ? ಎತ್ತರ ಮಾತ್ರ ಅಲ್ಲ, ಅವರ ರಕ್ತನಾಳಗಳೂ ಹೆಚ್ಚು ಮೃದುವಾಗಿದ್ದವು, ಇನ್ಸುಲಿನ್ ಕೂಡ ಚೆನ್ನಾಗಿ ಕೆಲಸ ಮಾಡುತ್ತಿತ್ತು. ದಿನಕ್ಕೊಂದು ತಟ್ಟೆ ಉಪ್ಪಿಟ್ಟಿನ ಫಲ ಹತ್ತು-ಹದಿನೈದು ವರ್ಷವಾದ ಮೇಲೂ ದೇಹದಲ್ಲಿ ಕಾಣಿಸಿತು.

ಪುಣೆಯವರ ಕಥೆ ಇನ್ನೂ ಹಿಂದಕ್ಕೆ, ತಾಯಿಯ ಹೊಟ್ಟೆಗೇ ಹೋಗುತ್ತದೆ. ಪುಣೆ ಹತ್ತಿರದ 6 ಹಳ್ಳಿಗಳಲ್ಲಿ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರ ತಂಡ 1993ರಿಂದ ಒಕ್ಕಲುತನದ ಮನೆಗಳ ತಾಯಂದಿರನ್ನೂ ಮಕ್ಕಳನ್ನೂ ಗಮನಿಸುತ್ತಾ ಬಂದಿದೆ. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಕೂಸುಗಳದ್ದು ಸುಮಾರು 3.5. ಸಣ್ಣದಾಗಿದ್ದರೂ ನಮ್ಮ ಕೂಸಿನಲ್ಲಿ ಮಾಂಸಖಂಡ ಕಡಿಮೆಯಾಗಿತ್ತೇ ಹೊರತು ಕೊಬ್ಬು ಅಷ್ಟು ಕಡಿಮೆ ಆಗಿರಲಿಲ್ಲ. ಬಸುರಿಯಲ್ಲಿ ಹಾಲು, ಹಸಿರು ಸೊಪ್ಪು, ಹಣ್ಣು ಹೆಚ್ಚು ತಿಂದ ತಾಯಂದಿರ ಕೂಸು ದೊಡ್ಡದಾಗಿತ್ತು. ಹೊಲದ ಕೆಲಸ, ನೀರು ಹೊರುವುದು ಅಂತ ವಿಪರೀತ ದುಡಿದವರ ಕೂಸು ಸಣ್ಣದಾಗಿತ್ತು. ಹುಡುಗನ ಎತ್ತರದ ಮಾತು ಬಂದಾಗ ಅವನ ತಾಯಿ ಬಸುರಿಯಲ್ಲಿ ಏನು ತಿಂದಳು, ಎಷ್ಟು ಕೊಡ ನೀರು ಹೊತ್ತಳು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು. ಈಗ ಊರಲ್ಲಿ ಅತ್ತಿಗೆಯೋ ನಾದಿನಿಯೋ ಬಸುರಿ ಇದ್ದರೆ ಇವತ್ತೇ ಫೋನ್ ಮಾಡಿ ಕೇಳಿ.

*ಕಣಜ ತುಂಬಿದ ಮನೆಯಲ್ಲಿ ಕೊರತೆ ಹೇಗೆ?*

ಇದು ಬಹಳ ಜನ ಕೇಳುವ ಪ್ರಶ್ನೆ. ಹೊಲ ಇದೆ, ಎಮ್ಮೆ ಇದೆ, ಹಿತ್ತಲು ಇದೆ. ಪಟ್ಟಣದಲ್ಲಿ ನಾವು ಎಲ್ಲವನ್ನೂ ಕೊಂಡು ತಿನ್ನುತ್ತೇವೆ. ಹಾಗಿದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 37 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಪಟ್ಟಣಗಳಲ್ಲಿ 30. ನಮ್ಮ ಕರ್ನಾಟಕ ಒಟ್ಟಾರೆ 35.

ಹಾಲಿನಿಂದ ಶುರು ಮಾಡೋಣ. ಬೆಳಗ್ಗೆ ಎಮ್ಮೆ ಕರೆಯುತ್ತಾರೆ, ಕ್ಯಾನು ನೇರವಾಗಿ ಡೇರಿಗೆ ಹೋಗುತ್ತದೆ. ವಾರಕ್ಕೊಮ್ಮೆ ಬರುವ ಹಾಲಿನ ದುಡ್ಡು ಮನೆಯ ಕಿರಾಣಿ ನಡೆಸುತ್ತದೆ, ಯಾರನ್ನೂ ದೂರುವಂತಿಲ್ಲ. ಆದರೆ ಹುಡುಗನ ಪಾಲಿಗೆ ಉಳಿಯುವುದು ಚಹಾದಲ್ಲಿ ಬಿದ್ದ ಎರಡು ಚಮಚ ಹಾಲು, ಜೊತೆಗೆ ಐದು ರೂಪಾಯಿಯ ಬಿಸ್ಕೀಟು ಪಾಕೀಟು. ಚಹಾ ಬೇರೆ ಊಟದಲ್ಲಿರುವ ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತದೆ. ಶೇಂಗಾ ಬೆಳೆದವರು ಶೇಂಗಾ ಮಾರುತ್ತಾರೆ, ತೊಗರಿ ಬೆಳೆದವರು ತೊಗರಿ ಮಾರುತ್ತಾರೆ, ಕೋಳಿ ಸಾಕಿದವರು ಮೊಟ್ಟೆ ಮಾರುತ್ತಾರೆ. ಹೊಲದಲ್ಲಿ ಹತ್ತಿ, ಕಬ್ಬು ಬಂದಮೇಲೆ ಅಕ್ಕಡಿ ಸಾಲಿನ ಹೆಸರು, ಮಡಿಕೆ, ಅಲಸಂದೆ ಕಡಿಮೆಯಾದವು. ರೇಷನ್ ಅಕ್ಕಿ ಹಸಿವನ್ನು ನೀಗಿಸಿತು, ಅದನ್ನು ಅಲ್ಲಗಳೆಯಬಾರದು. ಆದರೆ ಜೋಳದ ರೊಟ್ಟಿ, ರಾಗಿ ಮುದ್ದೆಯ ಜಾಗಕ್ಕೆ ಮೂರು ಹೊತ್ತೂ ಬಿಳಿ ಅನ್ನ, ತೆಳ್ಳನೆ ಸಾರು ಬಂದರೆ ಹೊಟ್ಟೆ ತುಂಬುತ್ತದೆ, ಎಲುಬು ತುಂಬುವುದಿಲ್ಲ. ಲೆಕ್ಕ ನೋಡಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ.

ಇನ್ನು ತಟ್ಟೆಯ ಪಾಲು. ಹದಿಮೂರರಿಂದ ಹದಿನೈದರ ಹುಡುಗನಿಗೆ ದಿನಕ್ಕೆ ಎಷ್ಟು ಶಕ್ತಿ ಬೇಕು ಅಂತ ನಮ್ಮ ಪೋಷಣಾ ಸಂಸ್ಥೆ 2020ರಲ್ಲಿ ಲೆಕ್ಕ ಹಾಕಿ ಹೇಳಿದೆ: 2860 ಕ್ಯಾಲರಿ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಗಂಡಸಿಗೆ ಬೇಕಾದದ್ದು 2110, ಮಧ್ಯಮ ದುಡಿಮೆಯವನಿಗೆ 2710. ಗಮನಿಸಿದಿರಾ? ದುಡಿದು ಬಂದ ಅಪ್ಪನಿಗಿಂತ ಮೀಸೆ ಚಿಗುರುವ ಮಗನಿಗೆ ಹೆಚ್ಚು ಬೇಕು. ಮನೆಯಲ್ಲಿ ಬಡಿಸುವಾಗ ಮಾತ್ರ ಅವನನ್ನು 'ಹುಡುಗ' ಅಂತಲೇ ಲೆಕ್ಕ ಹಿಡಿಯುತ್ತೇವೆ. ಆ ವಯಸ್ಸಿನಲ್ಲಿ ಐದಾರು ರೊಟ್ಟಿ ತಿಂದರೆ "ಬಕಾಸುರ" ಅಂತ ಅಣಕಿಸಬೇಡಿ. ತಿನ್ನಲಿ ಬಿಡಿ, ಅದು ಅವನ ಹಕ್ಕಿನ ಪಾಲು.

ಹಾಗಂತ ಬರೀ ರೊಟ್ಟಿಯಿಂದ ಆಗುವುದಿಲ್ಲ. ಜೋಳ, ಅಕ್ಕಿ, ಗೋಧಿಯ ಸಸಾರಜನಕದಲ್ಲಿ ಒಂದು ಅಂಶ ಕಡಿಮೆ. ಕಾಳಿನಲ್ಲಿ ಅದೇ ಅಂಶ ಧಾರಾಳ. ಹಿರಿಯರು ರೊಟ್ಟಿಗೆ ಉಸುಳಿ, ಮುದ್ದೆಗೆ ಹುರುಳಿಕಾಳಿನ ಸಾರು, ಅನ್ನಕ್ಕೆ ಬೇಳೆ ಅಂತ ಜೋಡಿ ಮಾಡಿದ್ದು ಸುಮ್ಮನೆ ಅಲ್ಲ. ಆದ್ದರಿಂದ ದುಡ್ಡು ಖರ್ಚು ಮಾಡಿ ಪುಡಿಯ ಡಬ್ಬಿ ತರುವ ಬದಲು ಊರಿನವರಿಗೆ ಇಷ್ಟು ಹೇಳಿ: ಎರಡೂ ಹೊತ್ತು ಒಂದು ಬಟ್ಟಲು ಗಟ್ಟಿ ಬೇಳೆ ಅಥವಾ ಮೊಳಕೆ ಕಾಳು. ದಿನಕ್ಕೊಂದು ಹಿಡಿ ಶೇಂಗಾ, ಬೆಲ್ಲದ ಜೊತೆಯೋ ಚಟ್ನಿಯಾಗಿಯೋ. ಡೇರಿಗೆ ಹಾಕುವ ಮೊದಲೇ ಹುಡುಗನ ಲೋಟ ತುಂಬಿ ಎತ್ತಿಡಿ, ಒಂದು ಹಾಲು, ಒಂದು ಮೊಸರೋ ಮಜ್ಜಿಗೆಯೋ. ನುಗ್ಗೆ ಸೊಪ್ಪು, ಮೆಂತೆ, ರಾಜಗಿರಿ, ಪುಂಡಿಪಲ್ಯ ಯಾವುದಾದರೂ ಸರಿ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ದೇಹಕ್ಕೆ ಹತ್ತುತ್ತದೆ. ತಿನ್ನುವವರ ಮನೆಯಾದರೆ ಮೊಟ್ಟೆ. ಕರಾವಳಿಯವರಿಗೆ ಬೂತಾಯಿ ಇದೆ, ಅದರಷ್ಟು ಅಗ್ಗದ ಒಳ್ಳೆಯ ಆಹಾರ ಇನ್ನೊಂದಿಲ್ಲ. ಚಹಾ ಬೇಕೇ ಬೇಕು ಅಂದರೆ ಊಟ ಆಗಿ ಒಂದು ತಾಸು ಬಿಟ್ಟು.

ಊಟ ಚೆನ್ನಾಗಿದ್ದೂ ಹುಡುಗ ಹಿಡಿಯದಿದ್ದರೆ ಹೊಟ್ಟೆಯೊಳಗೆ ಪಾಲುದಾರರು ಇರಬಹುದು. ಬಯಲಲ್ಲಿ ಮಲವಿಸರ್ಜನೆ ಇರುವ ಕಡೆ ಕೊಕ್ಕೆಹುಳದ ಮರಿ ಒದ್ದೆ ಮಣ್ಣಿನಲ್ಲಿ ಇರುತ್ತದೆ, ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹೊಲಕ್ಕೆ ಹೋಗುವ ಹುಡುಗನಿಗೆ ಒಂದು ಜೊತೆ ಚಪ್ಪಲಿ ಕೊಡಿಸುವುದೂ ಪೌಷ್ಟಿಕ ಆಹಾರದಷ್ಟೇ ದೊಡ್ಡ ಕೆಲಸ. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳದ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಅವತ್ತು ಹುಡುಗ ಶಾಲೆ ತಪ್ಪಿಸಬಾರದು. ಮೇಲಿಂದ ಮೇಲೆ ಭೇದಿಯಾಗುವ ಚಿಕ್ಕ ಮಕ್ಕಳಲ್ಲಂತೂ ತಿಂದದ್ದು ಕರುಳಿಗೆ ಹತ್ತುವುದೇ ಇಲ್ಲ. ಕುಡಿಯುವ ನೀರು ಕುದಿಸಿ ಆರಿಸಿ ಕೊಡಿ.

*ಗಂಡುಮಕ್ಕಳಿಗೆ ರಕ್ತ ಕಡಿಮೆ ಆಗುವುದಿಲ್ಲವೇ?*

ಆಗುತ್ತದೆ. ಅದೇ ಸಮೀಕ್ಷೆಯಲ್ಲಿ ಹದಿನೈದರಿಂದ ಹತ್ತೊಂಬತ್ತರ ನೂರು ಹುಡುಗರಲ್ಲಿ 31 ಮಂದಿಗೆ ರಕ್ತಹೀನತೆ. ಹುಡುಗಿಯರಲ್ಲಿ 59, ಹಾಗಾಗಿ ಎಲ್ಲರ ಗಮನ ಅತ್ತ ಹೋಗುವುದು ನ್ಯಾಯವೇ. ಆದರೆ ಹುಡುಗನಿಗೆ ಸುಸ್ತಾದರೆ ನಾವು ಅನ್ನುವುದೇನು? "ಸೋಮಾರಿ, ಮೊಬೈಲ್ ನೋಡಿ ನೋಡಿ ಹಿಂಗಾಗ್ಯಾನ." ಕಣ್ಣಿನ ಕೆಳರೆಪ್ಪೆ ಎಳೆದು ಒಮ್ಮೆ ನೋಡಿ, ಬಿಳಿಚಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಸರಕಾರಿ ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುತ್ತಾರೆ: ಚಿಕ್ಕವರಿಗೆ ಗುಲಾಬಿ ಬಣ್ಣದ್ದು, ಹತ್ತು ವರ್ಷ ದಾಟಿದವರಿಗೆ ನೀಲಿ. ಊಟವಾದ ಮೇಲೆ ನುಂಗಬೇಕು, ಮಲ ಕಪ್ಪಗಾದರೆ ಹೆದರಬೇಡಿ. ಇಲ್ಲೊಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಶಾಲೆ ಬಿಟ್ಟ ಹುಡುಗಿಗೆ ಈ ಮಾತ್ರೆ ಅಂಗನವಾಡಿಯಿಂದ ಸಿಗುವ ಏರ್ಪಾಡು ಇದೆ. ಶಾಲೆ ಬಿಟ್ಟ ಹುಡುಗನಿಗೆ ಆ ಏರ್ಪಾಡು ಇಲ್ಲ. ಏಳನೇ ಇಯತ್ತೆಗೆ ಶಾಲೆ ಬಿಡಿಸಿ ಕಬ್ಬು ಕಡಿಯಲು ಕರೆದುಕೊಂಡು ಹೋದರೆ ಅವನಿಗೆ ಬಿಸಿಯೂಟ ಇಲ್ಲ, ಕ್ಷೀರಭಾಗ್ಯದ ಹಾಲು ಇಲ್ಲ, ಮೊಟ್ಟೆ ಇಲ್ಲ, ಕಬ್ಬಿಣದ ಮಾತ್ರೆಯೂ ಇಲ್ಲ. ಮೇಲಿನಿಂದ ಆಳಿನ ಕೆಲಸ. ಎರಡನೆಯ ಓಟ ಶುರುವಾಗುವ ವರ್ಷದಲ್ಲೇ ಎಲ್ಲ ಒಟ್ಟಿಗೆ ನಿಲ್ಲುತ್ತದೆ. ಆರರಿಂದ ಎಂಟನೇ ತರಗತಿಯ ಬಿಸಿಯೂಟದ ಅಳತೆಯೇ 700 ಕ್ಯಾಲರಿ, 20 ಗ್ರಾಂ ಸಸಾರಜನಕ. ಅವನಿಗೆ ದಿನಕ್ಕೆ ಬೇಕಾದ 45 ಗ್ರಾಂ ಸಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧ. ಕರ್ನಾಟಕದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2024ರಿಂದ ಹತ್ತನೇ ತರಗತಿವರೆಗೆ ವಾರದ ಆರೂ ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಇಷ್ಟನ್ನು ಬಿಡಿಸಿ ದುಡಿಸುವ ದಿನಗೂಲಿ ನಿಜವಾಗಿ ಎಷ್ಟು ಲಾಭ, ಮನೆಯವರೆಲ್ಲ ಕೂತು ಲೆಕ್ಕ ಹಾಕಿ.

ಕೆಲಸಕ್ಕಾಗಿ ಇಡೀ ಸಂಸಾರ ಪುಣೆ, ಹೈದರಾಬಾದ್, ಮುಂಬಯಿಯ ಕಟ್ಟಡದ ಸೈಟಿಗೆ ಬಂದಿದ್ದರೂ ದಾರಿ ಇದೆ. ಟಿ.ಸಿ. ಬಂದಿಲ್ಲ ಅಂತ ಸರಕಾರಿ ಶಾಲೆ ಮಗುವಿನ ಪ್ರವೇಶ ತಡೆಯುವಂತಿಲ್ಲ, ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಹಾಗೆ ಬರೆದಿದೆ. ಆ ಶಾಲೆಗಳಲ್ಲೂ ಎಂಟನೇ ತರಗತಿವರೆಗೆ ಬಿಸಿಯೂಟ ಇದೆ. ರೇಷನ್ ಕಾರ್ಡ್ ಊರಿನದ್ದೇ ಇದ್ದರೂ ನೀವು ಇರುವ ಊರಿನ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ಚಿಕ್ಕ ಮಗುವಿದ್ದರೆ ತಾಯಿ ಕಾರ್ಡ್ ಮತ್ತು ಆಧಾರ್ ಜೊತೆಗಿಟ್ಟುಕೊಂಡು ಹತ್ತಿರದ ಅಂಗನವಾಡಿಗೆ ಹೋಗಿ ಹೆಸರು ಬರೆಸಿ. ಭಾಷೆ ಬರುವುದಿಲ್ಲ ಅಂತ ಹಿಂಜರಿಯಬೇಡಿ. ನಮ್ಮ ಕನ್ನಡ ಸಂಘದವರಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ.

*ಹುಡುಗನನ್ನು ಪಟ್ಟಣಕ್ಕೆ ಕರೆತಂದಾಗ*

ಇಲ್ಲಿ ಇನ್ನೊಂದು ತಪ್ಪು ಆಗುತ್ತದೆ, ಪ್ರೀತಿಯಿಂದಲೇ ಆಗುತ್ತದೆ. ಊರಿನಿಂದ ಬಂದ ಸಣಕಲು ಹುಡುಗನಿಗೆ ಕಾಕು "ಪಾಪ, ಉಪವಾಸ ಇದ್ದ" ಅಂತ ವಡಾಪಾವ್, ಚಿಪ್ಸು, ತಂಪು ಪಾನೀಯ, ನೂಡಲ್ಸು ಕೊಟ್ಟು ಕೂರಿಸುತ್ತಾಳೆ. ಆರು ತಿಂಗಳಲ್ಲಿ ಗಲ್ಲ ಉಬ್ಬುತ್ತದೆ, ಹೊಟ್ಟೆ ಬರುತ್ತದೆ. "ಈಗ ಮೈ ಹಿಡಿದ" ಅಂತ ಫೋಟೋ ಊರಿಗೆ ಹೋಗುತ್ತದೆ. ಎತ್ತರ ಮಾತ್ರ ಅಷ್ಟೇ ಇರುತ್ತದೆ.

ಪುಣೆಯ ಆ ಕೂಸುಗಳನ್ನು ನೆನಪಿಸಿಕೊಳ್ಳಿ, ಮಾಂಸಖಂಡ ಕಡಿಮೆ, ಕೊಬ್ಬಿಗೆ ಕೊರತೆ ಇಲ್ಲ. ಹಸಿವಿನಲ್ಲಿ ಬೆಳೆದ ದೇಹಕ್ಕೆ ದಿಢೀರ್ ಅಂತ ಎಣ್ಣೆ-ಸಕ್ಕರೆ ಸುರಿದರೆ ಮುಂದೆ ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಂಗಳೂರು, ಹೈದರಾಬಾದ್, ನಾಗಪುರ, ಲಖನೌಗಳ ಕಾರ್ಖಾನೆಗಳಿಗೆ ಹಳ್ಳಿಯಿಂದ ಬಂದವರನ್ನು, ಊರಲ್ಲೇ ಉಳಿದ ಅವರ ಒಡಹುಟ್ಟಿದವರ ಜೊತೆ ಹೋಲಿಸಿದರು. ಊರಲ್ಲಿ ಉಳಿದ ಗಂಡಸರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಸಕ್ಕರೆ ಕಾಯಿಲೆ, ಪಟ್ಟಣಕ್ಕೆ ಬಂದವರಲ್ಲಿ ಸುಮಾರು 14. ಈ ಸಾಲನ್ನು ಓದುತ್ತಿರುವ ನಮ್ಮೆಲ್ಲರ ಕಥೆಯೂ ಅದೇ. ಹಾಗಾಗಿ ಬಂದ ಹುಡುಗನಿಗೆ ಊರಿನದ್ದೇ ಊಟ ಕೊಡಿ, ಸ್ವಲ್ಪ ಹೆಚ್ಚು ಕೊಡಿ, ಕಾಳು-ಹಾಲು-ಸೊಪ್ಪು ಸೇರಿಸಿ ಕೊಡಿ. ಸಂಜೆ ಒಂದು ತಾಸು ಮೈದಾನಕ್ಕೆ ಬಿಡಿ.

*ಅಳೆಯುವುದು ಹೀಗೆ*

ಊರಿಗೆ ವರ್ಷಕ್ಕೆ ಎರಡು ಸಲ ಹೋಗುತ್ತೀರಿ ಅಂತಿಟ್ಟುಕೊಳ್ಳೋಣ, ಯುಗಾದಿಗೆ ಮತ್ತು ದಸರೆಗೆ. ಎರಡೂ ಸಲ ಬೆಳಗ್ಗೆಯೇ ಅಳೆಯಿರಿ. ಸಂಜೆಯ ಹೊತ್ತಿಗೆ ಯಾರೇ ಆದರೂ ಒಂದು ಸೆಂಟಿಮೀಟರಿನಷ್ಟು ತಗ್ಗಿರುತ್ತಾರೆ. ಚಪ್ಪಲಿ ಬಿಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ, ಮುಂದೆ ನೇರ ನೋಡುವಂತೆ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ಪುಸ್ತಕವನ್ನು ಅಡ್ಡಲಾಗಿ ಇಟ್ಟು ಗೋಡೆಯ ಮೇಲೆ ಗೆರೆ ಎಳೆದು ತಾರೀಖು ಬರೆಯಿರಿ. ಮನೆಗೆ ಸುಣ್ಣ-ಬಣ್ಣ ಮಾಡಿಸುವಾಗ ಅಳಿಸಿ ಹೋಗದ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬೆನ್ನಿಗೆ ಬೆನ್ನು ಹಚ್ಚಿ ನೋಡುವ ಆಟಕ್ಕಿಂತ ಇದು ಸಾವಿರ ಪಾಲು ಉಪಯೋಗ, ಯಾಕೆಂದರೆ ಹುಡುಗನ ಹೋಲಿಕೆ ಅವನ ಜೊತೆಗೇ ಆಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಐದು ವರ್ಷದ ಹುಡುಗ ಸುಮಾರು 110 ಸೆಂ.ಮೀ., ಹತ್ತು ವರ್ಷಕ್ಕೆ 138, ಹದಿನಾಲ್ಕಕ್ಕೆ 163. ಎಲ್ಲರೂ ಅಷ್ಟೇ ಇರಬೇಕಾಗಿಲ್ಲ. ಆದರೆ ಐದಕ್ಕೆ 101, ಹತ್ತಕ್ಕೆ 125, ಹದಿನಾಲ್ಕಕ್ಕೆ 147ಕ್ಕಿಂತ ಕೆಳಗಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅಜ್ಜಿಯ ವಂಶದ ಮಾತಿಗೂ ಒಂದು ಲೆಕ್ಕ ಇದೆ: ಅಪ್ಪನ ಎತ್ತರ, ಅಮ್ಮನ ಎತ್ತರ ಕೂಡಿಸಿ, ಅದಕ್ಕೆ 13 ಸೆಂ.ಮೀ. ಸೇರಿಸಿ, ಎರಡರಿಂದ ಭಾಗಿಸಿ. ಮಗ ಅದರ ಆಸುಪಾಸು, ಎಂಟು ಸೆಂ.ಮೀ. ಹೆಚ್ಚುಕಡಿಮೆ ಬರಬಹುದು. ಆದರೆ ಅಪ್ಪನೂ ಬರಗಾಲದಲ್ಲಿ ಹುಟ್ಟಿ ಹಸಿದು ಬೆಳೆದವನಾಗಿದ್ದರೆ ಅವನ ಎತ್ತರವೇ ಪೂರ್ತಿ ಎತ್ತರ ಅಲ್ಲ, ಅದನ್ನು ಮರೆಯಬೇಡಿ.

ಐದು ವರ್ಷ ದಾಟಿದ ಹುಡುಗ ಇಡೀ ವರ್ಷದಲ್ಲಿ 4 ಸೆಂ.ಮೀ. ಕೂಡ ಬೆಳೆಯದಿದ್ದರೆ, ಹದಿನಾಲ್ಕು ತುಂಬಿದರೂ ಹರೆಯದ ಯಾವ ಗುರುತೂ ಕಾಣದಿದ್ದರೆ, ತೂಕ ಇಳಿಯುತ್ತಿದ್ದರೆ, ತಿಂಗಳುಗಟ್ಟಲೆ ಭೇದಿ, ಕೆಮ್ಮು, ಜ್ವರ ಬಿಡದಿದ್ದರೆ, ಆಟದಲ್ಲಿ ಬೇಗ ಏದುಸಿರು ಬಂದರೆ ಊಟ ಸರಿಮಾಡಿ ನೋಡೋಣ ಅಂತ ಕಾಯಬೇಡಿ. ಥೈರಾಯ್ಡ್, ಕ್ಷಯ, ಮೂತ್ರಪಿಂಡ, ಹೃದಯ ಇವುಗಳಲ್ಲಿ ಯಾವುದರ ತೊಂದರೆಯೂ ಬೆಳವಣಿಗೆಯನ್ನು ನಿಲ್ಲಿಸಬಲ್ಲದು. ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ತಾಲೂಕು ಆಸ್ಪತ್ರೆಗೆ ಹೋಗುವಾಗ ಗೋಡೆಯ ಗೆರೆಗಳ ಆ ಫೋಟೋವನ್ನೂ ತೋರಿಸಿ. ಒಂದು ಸಲದ ಎತ್ತರಕ್ಕಿಂತ ಎರಡು ವರ್ಷದ ನಾಲ್ಕು ಗೆರೆಗಳು ಡಾಕ್ಟರಿಗೆ ಹೆಚ್ಚು ಹೇಳುತ್ತವೆ.

ಊರಿನ ಮನೆಯವರ ಗುಂಪಿಗೂ ಇದನ್ನು ಕಳಿಸಿ. ಓದಲು ಬಾರದ ಅಜ್ಜಿಗೆ ಹುಡುಗನ ಕೈಯಲ್ಲೇ ಓದಿಸಿ.

ಮುಂದಿನ ಭಾಗದಲ್ಲಿ: ಬಸುರಿ ಹೆಂಗಸರ ಊಟ ಮತ್ತು ಹೊಲದ ಕೆಲಸ.